ಸಿಪ್ಪೆ ಕಳುವಾದ ವಾರ

ನಮ್ಮ ಹಸಿರು ಬಕೆಟ್ಟಿನ ಹಿಡಿಕೆ ನಿನ್ನೆ ಕಿತ್ತು ಬಂತು. ಹೊಸದು ತಂದರಾಯಿತು ಬಿಡು ಎಂದೆ. ಅವ್ವ ನನ್ನನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿದಳು. ದೀಪಾವಳಿಯ ಹಳೇ ಆಕಾಶಬುಟ್ಟಿಯಿಂದ ತಂತಿ ಬಿಚ್ಚಿ ತಂದು, ತೂತಿಗೆ ಪೋಣಿಸಿ, ಹುರಿ ಮಾಡುತ್ತ ಕೂತಳು. ಈಗ ಬಕೆಟ್ಟಿಗಿಂತ ಹಿಡಿಕೆಯೇ ಗಟ್ಟಿ. ಅದನ್ನು ನೋಡುತ್ತ ನಮ್ಮ ಓಣಿಯಲ್ಲಿ ಸಿಪ್ಪೆ ಕಳುವಾದ ವಾರ ನೆನಪಾಗಿ ಒಬ್ಬಳೇ ನಕ್ಕೆ.

ಈ ಬಕೆಟ್ಟು ಪಾಲಿಕೆಯಿಂದ ಮನೆಮನೆಗೆ ಪುಕ್ಕಟೆ ಬಂದದ್ದು. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ. ಆದರೆ ಹೊಚ್ಚ ಹೊಸ ಬಕೆಟ್ಟಿಗೆ ಕಸ ಹಾಕುವಷ್ಟು ಸಿರಿವಂತಿಕೆ ನಮ್ಮ ಓಣಿಯಲ್ಲಿ ಯಾರಿಗೂ ಬಂದಿಲ್ಲ. ಎದುರು ಮನೆಯ ಕಮಲಕ್ಕ ನೀಲಿಯದರಲ್ಲಿ ಜೋಳ ತುಂಬಿಟ್ಟಿದ್ದಾರೆ. ನಮ್ಮ ಯಜಮಾನರು ಅದರಲ್ಲಿ ಸ್ಕೂಟರ್ ತೊಳೆಯುತ್ತಾರೆ. ನಿಮ್ಮ ಮನೆಯ ಬಕೆಟ್ಟಿನಲ್ಲಿ ಏನಿದೆ ಎಂದು ನಾನು ಕೇಳುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರು, ಪ್ರತಿ ಜೂನಿನಲ್ಲಿ ಮಕ್ಕಳ ಮುಂದೆ ಪರಿಸರದ ಭಾಷಣ ಮಾಡುವವಳು. ಆದ್ದರಿಂದ ನೀವೂ ನನ್ನನ್ನು ಕೇಳಬೇಡಿ.

ಅವ್ವ ಖಾನಾಪುರದ ಹತ್ತಿರದ ನಮ್ಮೂರಲ್ಲಿ ಜೀವಮಾನವೆಲ್ಲ ಎಮ್ಮೆ ಸಾಕಿದವಳು. ಹಾಲು ಹಿಂಡಿ ಏಳುವಾಗ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಇನ್ನು ಭಾರ ಎತ್ತಕೂಡದು, ಬೆಳಿಗ್ಗೆ ಒಂದಿಷ್ಟು ನಡೆಯಬೇಕು ಎಂದರು ಡಾಕ್ಟರು. ಊರಲ್ಲಿರುವ ನನ್ನ ತಮ್ಮ ಇದ್ದೊಂದು ಎಮ್ಮೆ ಚಂದ್ರಿಯನ್ನು ಮಾರಿ, ಅವ್ವನನ್ನು ರಾಮತೀರ್ಥ ನಗರದ ನಮ್ಮ ಮನೆಗೆ ಕರೆತಂದ. ಕೈ ಕೂಡಿತು. ಅವ್ವ ಮಾತ್ರ ಈ ಊರಿಗೆ ಕೂಡಲಿಲ್ಲ. ಬರುವಾಗ ತಂದ ಚೀಲವನ್ನು ಬಿಚ್ಚದೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಒಗೆದ ಸೀರೆಯನ್ನೂ ಮಡಚಿ ಅದರೊಳಗೇ ಇಡುವಳು. "ಈ ಅಮಾಸಿ ಹೋಗ್ಲಿ, ಖಾನಾಪುರ ಬಸ್ ಹಿಡೀತೇನಿ" ಎನ್ನುವಳು. ಅಮಾವಾಸ್ಯೆ ಬರುತ್ತಿತ್ತು, ಹೋಗುತ್ತಿತ್ತು. ಶಾಲೆಯಿಂದ ಬಂದಾಗಲೆಲ್ಲ ನಾನು ಚಪ್ಪಲಿ ಬಿಡುವ ಮೊದಲು ಆ ಮೊಳೆಯನ್ನು ನೋಡುತ್ತಿದ್ದೆ. ಅವ್ವ ನನ್ನ ಹತ್ತಿರವೇ ಇರಲಿ ಎಂದು ನನಗೆ ತುಂಬ ಆಸೆ. ಆದರೆ ಇರು ಎಂದು ಬಾಯಿಬಿಟ್ಟು ಹೇಳಿದರೆ ಮರುದಿನವೇ ಹೊರಡುವ ಹೆಂಗಸು ಅವಳು.

ಅವಳಿಗೆ ಈ ಊರಿನಲ್ಲಿ ಮೊದಲು ಪರಿಚಯವಾದವನು ಪರಶುರಾಮ. ಬೆಳಿಗ್ಗೆ ಕಸದ ಗಾಡಿಯ ಜೊತೆ ಬರುವವನು, ನೇಕಾರರ ವಡಗಾವಿಯವನು. ಮಗ್ಗದ ಸದ್ದು ಮೀರಿ ಕೂಗಿ ಬೆಳೆದ ಗಂಟಲು. "ಕಸಾ... ಕಸಾ..." ಎಂದನೆಂದರೆ ಆಚೆ ಮಹಾಂತೇಶ ನಗರದವರೂ ಬುಟ್ಟಿ ಹಿಡಿದು ಹೊರಗೆ ಬರಬೇಕು. ಅವ್ವ ಬಂದ ಮರುದಿನ ನಮ್ಮ ಗೇಟಿನ ಮುಂದೆ ನಿಂತು "ಕಸಾ?" ಎಂದ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಖಾನಾಪುರದ ಕಡೆಯವರಿಗೆ ಒಂದು ಕಿವಿ ಕನ್ನಡ, ಒಂದು ಕಿವಿ ಮರಾಠಿ. ಯಾವ ಮಾತು ಯಾವ ಕಿವಿಗೆ ಹೋಗುತ್ತದೋ ಅವರಿಗೇ ಗೊತ್ತಿರುವುದಿಲ್ಲ. ಮರಾಠಿಯಲ್ಲಿ 'ಕಸಾ' ಎಂದರೆ 'ಹೇಗೆ'. ಯಾರೋ ಪುಣ್ಯವಂತ, ಮುಂಜಾನೆ ಎದ್ದು ಮನೆಮನೆಗೆ ಹೋಗಿ ಹೇಗಿದ್ದೀರಿ ಎಂದು ವಿಚಾರಿಸುತ್ತಿದ್ದಾನೆ ಎಂದುಕೊಂಡಳು ಅವ್ವ.

"ಬರೀ ಆಹೇ ರೇ ಬಾಬಾ. ತೂ ಕಸಾ?" ಎಂದಳು. ಆರಾಮ ಇದ್ದೀನಪ್ಪ, ನೀನು ಹೇಗಿದ್ದೀ ಎಂದು.

ಪರಶುರಾಮ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟ. ಈ ಕೆಲಸಕ್ಕೆ ಸೇರಿದ ಮೇಲೆ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲವಂತೆ. "ಬರಾ ಆಹೇ, ಆಯಿ" ಎಂದ, ಆರಾಮ ಇದ್ದೀನವ್ವ ಎಂದು ಹಲ್ಲು ಬಿಟ್ಟು.

ಅಂದಿನಿಂದ ನಮ್ಮ ಗೇಟಿನಲ್ಲಿ ಅವನದು ಅರ್ಧ ಮರಾಠಿ. ಹಸಿ ಕಸಕ್ಕೆ ಓಲಾ, ಒಣ ಕಸಕ್ಕೆ ಸುಕಾ. "ಆಯಿ, ಓಲಾ ಐತೇನು? ಸುಕಾ ಐತೇನು?" ಸುಕಾ ಎಂದರೆ ಒಣಗಿದ್ದು ಎಂದು ಅವ್ವನಿಗೆ ಚೆನ್ನಾಗಿ ಗೊತ್ತು. ಈ ಸಲ ಬೇಕೆಂದೇ ಕನ್ನಡದ ಕಿವಿಯಿಂದ ಕೇಳಿಸಿಕೊಂಡು, "ಸುಖಾ? ಈ ಊರಾಗ ಎಲ್ಲಿ ಸುಖಾಪಾ! ಮುಂದಿನ ಮನ್ಯಾಗ ಕೇಳು" ಎನ್ನುವಳು. ಅವನು ಬಿದ್ದುಬಿದ್ದು ನಗುವನು. ಒಳಗೆ ಅಡುಗೆಮನೆಯಲ್ಲಿದ್ದ ನನಗೆ ನಗು ಬರುತ್ತಿರಲಿಲ್ಲ.

ನೋಡಿ, ನಮ್ಮೂರ ಮನೆಯಲ್ಲಿ ಕಸಬರಿಗೆ ಇತ್ತು, ಕಸ ಇರಲಿಲ್ಲ. ಸಿಪ್ಪೆ, ಅಕ್ಕಿ ತೊಳೆದ ನೀರು, ನಿನ್ನೆಯ ರೊಟ್ಟಿಚೂರು ಎಲ್ಲ ಹಿತ್ತಲಿನ ಕಲ್ಲುಬಾನಿಗೆ. ಅದರ ಹೆಸರು ಮುಸುರಿ, ಅದು ಎಮ್ಮೆಯ ಪಾಲು. ಎಮ್ಮೆ ಬದಲಾದರೂ ಹೆಸರು ಚಂದ್ರಿಯೇ. ನಾನು ಕಂಡ ಚಂದ್ರಿಯರೇ ಎಷ್ಟೋ, ರಾಜರ ಮನೆಯಲ್ಲಿ ಒಂದೇ ಹೆಸರು ಇಳಿದು ಬರುತ್ತದಲ್ಲ, ಹಾಗೆ. ನಾನು ತಾಟಿನಲ್ಲಿ ಬದನೆಕಾಯಿ ಬಿಟ್ಟರೆ ಅವ್ವ ಬೈಯುತ್ತಿರಲಿಲ್ಲ. "ಬಿಡು, ಚಂದ್ರಿ ನಿನಗಿಂತ ಶಾಣ್ಯಾ ಅದಾಳ" ಎನ್ನುತ್ತಿದ್ದಳು. ಅದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎನಿಸುತ್ತಿತ್ತು. ನಮ್ಮ ಬಲಮನೆಯವರಿಗೆ ಎಮ್ಮೆ ಇರಲಿಲ್ಲ. ಅವರು ತಮ್ಮ ಮುಸುರಿಯನ್ನು ಗಡಿಗೆಯಲ್ಲಿ ತುಂಬಿ ಬಾಗಿಲ ಹೊರಗೆ ಇಡುವರು. ಅವ್ವ ಹೇಳದೆ ಕೇಳದೆ ಒಯ್ಯುವಳು, ಗಡಿಗೆ ತೊಳೆದು ಮರಳಿ ಇಡುವಳು. ಆಗಾಗ ಆ ಮನೆಗೆ ಒಂದು ತಂಬಿಗೆ ಮಜ್ಜಿಗೆ ಹೋಗುವುದು. ಯಾರೂ ಯಾರಿಗೂ ಉಪಕಾರವಾಯಿತು ಎಂದದ್ದು ನಾನು ಕೇಳಿಲ್ಲ.

ಸೀರೆ ಹರಿದರೆ ಕೌದಿ, ಕೌದಿ ಹರಿದರೆ ಒಲೆಯ ಪಾತ್ರೆ ಇಳಿಸುವ ಅರಿವೆ, ಅದೂ ಹರಿದರೆ ಇಲಿಯ ಬಿಲಕ್ಕೆ. ನಮ್ಮ ಮನೆಯ ಬಟ್ಟೆಗಳಿಗೆ ನಿವೃತ್ತಿಯೇ ಇರಲಿಲ್ಲ. ಸಂತೆಯಿಂದ ಚುರಮುರಿ ಕಟ್ಟಿ ತಂದ ಹಾಳೆ ನನ್ನ ಪಾಲಿಗೆ. ಬಾಲ್ಯದಲ್ಲಿ ನಾನು ಓದಿದ ಕತೆಗಳೆಲ್ಲ ಎಣ್ಣೆ ಹತ್ತಿದ ಅರ್ಧ ಕತೆಗಳು, ಕಳ್ಳ ಯಾರು ಎಂದು ತಿಳಿಯುವ ಮೊದಲೇ ಪೊಟ್ಟಣ ಮುಗಿಯುತ್ತಿತ್ತು. ಈಗಲೂ ಯಾರಾದರೂ ಕತೆಯ ಕೊನೆ ಹೇಳಿದರೆ ನನಗೆ ಏನೋ ಹೆಚ್ಚಿಗೆ ಸಿಕ್ಕಂತಾಗುತ್ತದೆ. ದೀಪ ಹಚ್ಚಿದ ಮೇಲೆ ಕಸ ಹೊರಗೆ ಚೆಲ್ಲಿದರೆ ಲಕ್ಷ್ಮಿ ಹೋಗುತ್ತಾಳೆಂದು ಅವ್ವ ಅದನ್ನು ಬಾಗಿಲ ಮೂಲೆಗೆ ದಬ್ಬಿಡುತ್ತಿದ್ದಳು. ನಮ್ಮ ಲಕ್ಷ್ಮಿ ರಾತ್ರಿಯಿಡೀ ಒಂದು ಹಿಡಿ ಧೂಳಾಗಿ ಅಲ್ಲೇ ಕಾಯುತ್ತಿದ್ದಳು.

ಹಾಗೆ ಬದುಕಿದವಳು ಇಲ್ಲಿ ನನ್ನ ಅಡುಗೆಮನೆಯಲ್ಲಿ ಹೀರೇಕಾಯಿ ಸಿಪ್ಪೆ ಅಂಗೈಯಲ್ಲಿ ಹಿಡಿದು ಸುತ್ತ ನೋಡುತ್ತ ನಿಲ್ಲುವಳು. "ಉಳದದ್ದು ತಿನ್ನಾಕ ಒಂದ್ ಬಾಯಿ ಇಲ್ಲ ಈ ಮನ್ಯಾಗ" ಎನ್ನುವಳು. ಯಜಮಾನರು ತಮ್ಮನ್ನೇ ಅಂದದ್ದೆಂದು ತಿಳಿದು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವರು.

ಅಂಥ ದಿನಗಳಲ್ಲಿ ಸ್ವಾತಿ ಬಂದಳು. ಎಂಜಿನಿಯರಿಂಗ್ ಓದುವ ಹುಡುಗಿ. ಮನೆಗಳ ಕಸದಲ್ಲಿ ಸಿಪ್ಪೆ ಎಷ್ಟು, ಕಾಗದ ಎಷ್ಟು, ಪ್ಲಾಸ್ಟಿಕ್ ಎಷ್ಟು ಎಂದು ತೂಗಿ ನೋಡುವುದು ಅವಳ ಪ್ರಾಜೆಕ್ಟು. ಏನು ಬರುತ್ತದೆಂದು ಗೊತ್ತಾದರೆ ತಾನೇ ಎಲ್ಲಿಗೆ ಕಳಿಸಬೇಕೆಂದು ಗೊತ್ತಾಗುವುದು ಎಂದಳು. ಮಾತು ಸರಿಯಾಗಿಯೇ ಇತ್ತು. ಮನೆಗೆ ಎರಡೆರಡು ಚೀಲ ಕೊಟ್ಟು, ಹಸಿದು ಒಂದರಲ್ಲಿ ಒಣದು ಒಂದರಲ್ಲಿ ಹಾಕಿ ಬೆಳಿಗ್ಗೆ ಗೇಟಿಗೆ ಕಟ್ಟಿಡಿ, ಒಂದು ವಾರ ನಾನೇ ಬಂದು ಒಯ್ಯುತ್ತೇನೆ ಎಂದಳು. ಹೋಗುವಾಗ, "ಏನೂ ಬದಲ್ ಮಾಡಬ್ಯಾಡ್ರಿ. ದಿನಾ ಹೆಂಗ ಇರ್ತೀರಿ, ಹಂಗ ಇರ್ರಿ" ಎಂದಳು.

ಫೋಟೋ ತೆಗೆಯುವವರೂ ಇದನ್ನೇ ಹೇಳುತ್ತಾರೆ. ಆಗ ನಮ್ಮ ಮುಖ ಏನಾಗುತ್ತದೆ ನಿಮಗೆ ಗೊತ್ತು.

ಕಮಲಕ್ಕ ಅಂದು ಸಂಜೆಯೇ ಬಂದರು. "ಟೀಚರ್ರ, ಚೀಲದ ಮ್ಯಾಲೆ ಮನಿ ನಂಬರ್ ಬರದಾಳ್ರಿ ಆ ಹುಡುಗಿ! ನಾಳೆ ಬಿಚ್ಚಿ ನೋಡಿದರ ಏನಂದಾರು? ಬರೇ ಉಳ್ಳಾಗಡ್ಡಿ ಸಿಪ್ಪಿ ಕಂಡರ ಮನಿತನದ ಮರ್ಯಾದಿ ಏನ್ರಿ?" ಮರುದಿನ ಅವರ ಮನೆಗೆ ದಾಳಿಂಬೆ ಬಂತು. ಆ ಮನೆಯಲ್ಲಿ ಯಾರಿಗೂ ದಾಳಿಂಬೆ ಇಷ್ಟವಿಲ್ಲ, ಕಾಳು ಬಿಡಿಸುವ ತಾಳ್ಮೆಯೂ ಇಲ್ಲ. ಸಿಪ್ಪೆಗಾಗಿ ತಿಂದರು. ಹಾಲಿನ ಪಾಕೀಟನ್ನು ಸೀಗೆಪುಡಿ ಹಾಕಿ ತೊಳೆದು ತಂತಿಯ ಮೇಲೆ ಒಣಹಾಕಿದರು. ನಾನು ಮನಸ್ಸಿನಲ್ಲೇ ನಕ್ಕೆ. ನಕ್ಕು ಒಳಗೆ ಹೋಗಿ, ನಾನು ಆನ್‌ಲೈನಿನಲ್ಲಿ ತರಿಸಿದ ಸಾಮಾನಿನ ಡಬ್ಬಿಗಳನ್ನೆಲ್ಲ ಮಂಚದ ಕೆಳಗೆ ದಬ್ಬಿದೆ. ಜೂನ್ ಭಾಷಣ ನೆನಪಾಗಿತ್ತು.

ಅವ್ವ ಆ ವಾರ ಹಾಯಾಗಿದ್ದಳು. ಬೆಳಿಗ್ಗೆ ಎದ್ದು, ಸೆರಗು ಕಟ್ಟಿ ನಡೆಯಲು ಹೋಗುವಳು. ಬಂದು ಚಹಾ ಕುಡಿಯುತ್ತ ಹಾಡು ಗುನುಗುವಳು. ಸಿಪ್ಪೆಯ ಗೊಣಗಾಟ ನಿಂತಿತ್ತು. ಯಜಮಾನರಿಗೆ ನಡುವೆ ಹೊಟ್ಟೆ ಕೆಟ್ಟಾಗ ಏನೋ ಕಷಾಯ ಕುದಿಸಿ ಕೊಟ್ಟು ಒಂದೇ ದಿನದಲ್ಲಿ ಗುಣ ಮಾಡಿದಳು. "ಅತ್ತಿಯವರ, ಇದರಾಗ ಏನ್ ಹಾಕೀರಿ?" ಎಂದು ಅವರು ಕೇಳಿದರೆ, "ನೀವು ಕುಡೀರಿ" ಎಂದಳು.

ವಾರದ ನಡುವೆ ಒಂದು ದಿನ ಸ್ವಾತಿ ಮೂಲೆಯ ಖಾಲಿ ಸೈಟಿನಲ್ಲಿ ತಾಡಪತ್ರಿ ಹಾಸಿ, ಚೀಲಗಳನ್ನೆಲ್ಲ ಸುರಿದಳು. ಓಣಿಯ ಹೆಂಗಸರೆಲ್ಲ ಹೆಣ್ಣು ತೋರಿಸುವ ಮನೆಯವರಂತೆ ನೆಟ್ಟಗೆ ನಿಂತಿದ್ದರು. ಕಾಗದ ಬಿತ್ತು, ಪ್ಲಾಸ್ಟಿಕ್ ಬಿತ್ತು, ಕಮಲಕ್ಕನ ಶುಭ್ರ ಹಾಲಿನ ಪಾಕೀಟು ಬಿತ್ತು. ಎಲ್ಲಕ್ಕಿಂತ ದೊಡ್ಡ ಪ್ಲಾಸ್ಟಿಕ್ ಗುಡ್ಡೆ ನಮ್ಮ ಮನೆಯದು, ಮಂಚದ ಕೆಳಗೆ ದಬ್ಬಿಯೂ ಅಷ್ಟು ಉಳಿದಿತ್ತು. ಆದರೆ ಯಾರೂ ಅದನ್ನು ನೋಡಲಿಲ್ಲ. ಯಾಕೆಂದರೆ ಹಸಿ ಕಸದ ಚೀಲಗಳಿಂದ ಬಿದ್ದದ್ದು ಒಂದಿಷ್ಟು ಚಹಾಪುಡಿ, ನಾಲ್ಕು ಮೆಣಸಿನಕಾಯಿ ತೊಟ್ಟು. ಅಷ್ಟೇ.

ಸ್ವಾತಿ ಚೀಲ ಜಾಡಿಸಿದಳು. ತಲೆ ಎತ್ತಿ ಪಾಪ, ಬಹಳ ಮೆತ್ತಗೆ ಕೇಳಿದಳು: "ಟೀಚರ್, ಈ ಓಣ್ಯಾಗ ಯಾರೂ ಅಡಗಿ ಮಾಡೂದಿಲ್ಲೇನ್ರಿ?"

ಬೆಂಕಿ ಬಿತ್ತು ನೋಡಿ. "ಅಡಗಿ ಮಾಡೂದಿಲ್ಲಂದರ?" ಎಂದು ಕಮಲಕ್ಕ ಸೆರಗು ಸಿಕ್ಕಿಸಿದರು. "ಮುಂಜಾನಿಂದ ಒಲಿ ಮುಂದ ನಿಂದರ್ತೇನಿ ನಾ! ನನ್ನ ದಾಳಿಂಬ್ರಿ ಸಿಪ್ಪಿ ಎಲ್ಲಿ? ಅವನ್ನ ಯಾರೋ ಕದ್ದಾರ!"

ಬಂಗಾರ ಕಳುವಾದರೆ ಪೊಲೀಸ್ ಠಾಣೆಗೆ ಹೋಗಬಹುದು. ಸಿಪ್ಪೆ ಕಳುವಾದರೆ ಎಲ್ಲಿಗೆ ಹೋಗುವುದು? ದನ ಎಳೆದಿರಬೇಕು ಎಂದರು ಒಬ್ಬರು. ನಾಯಿ ಎಂದರು ಇನ್ನೊಬ್ಬರು. "ನಾಯಿ ಬಿಚ್ಚಿ ತಿಂದು, ತಿರುಗಿ ಗಂಟು ಹಾಕಿ ಹೋಗತೈತೇನ್ರಿ?" ಎಂದು ಕಮಲಕ್ಕ ಚೀಲ ಎತ್ತಿ ಹಿಡಿದರು. ನಾನು ಆ ಗಂಟು ನೋಡಿದೆ. ಒಂದು ತುದಿ ಎಳೆದರೆ ಸರ್ರನೆ ಬಿಚ್ಚಿಕೊಳ್ಳುವ, ಎಮ್ಮೆ ಎಷ್ಟು ಜಗ್ಗಿದರೂ ಬಿಗಿಯಾಗುವ ಜೀರುಗುಣಿಕೆ. ನಾನು ಸಾಲಿಗೆ ಹೋಗುವ ಮೊದಲು ಕಲಿತ ಗಂಟು ಅದು. ಕಲಿಸಿದವಳು ಅವ್ವ.

ಮರುದಿನ ಬೆಳಿಗ್ಗೆ ಅವ್ವನ ಹಿಂದೆ ಹೋದೆ. ಅವಳು ಹಸಿರು ಬಕೆಟ್ ಹಿಡಿದು ಗೇಟಿನಿಂದ ಗೇಟಿಗೆ ಹೋಗಿ, ಚೀಲ ಬಿಚ್ಚಿ, ಒಳಗಿನದನ್ನು ಬಕೆಟ್ಟಿಗೆ ಸುರಿದು, ಮತ್ತೆ ಗಂಟು ಹಾಕುತ್ತಿದ್ದಳು. ಎಮ್ಮೆ ಮೂಸದಂಥದ್ದನ್ನು ಮಾತ್ರ ಒಳಗೇ ಬಿಡುತ್ತಿದ್ದಳು. ಅವಸರವಿಲ್ಲ, ಅಂಜಿಕೆಯಿಲ್ಲ, ನಮ್ಮೂರ ಬಲಮನೆಯ ಗಡಿಗೆ ಎತ್ತುವಾಗಿನ ನಡಿಗೆಯೇ. ಬಕೆಟ್ಟು ಭಾರವಾದಾಗ ಗಾಡಿಯ ಹಿಂದೆ ಬರುತ್ತಿದ್ದ ಪರಶುರಾಮ ಅದನ್ನು ಎತ್ತಿಕೊಂಡು ಬಡಾವಣೆಯ ಅಂಚಿನವರೆಗೆ ಮುಟ್ಟಿಸಿದ. ಅಲ್ಲಿ ಯಲ್ಲವ್ವ ಎಂಬ ಹಾಲು ಮಾರುವವಳ ತಗಡಿನ ಕೊಟ್ಟಿಗೆ. ಒಳಗೆ ದಿನ ತುಂಬಿದ ಒಂದು ಎಮ್ಮೆ. ಅವ್ವನನ್ನು ಕಂಡು ಅದು ಕುತ್ತಿಗೆ ಚಾಚಿತು.

"ಬಂದೆ ತಡಿಯ ಚಂದ್ರಿ" ಎಂದಳು ಅವ್ವ. ಇಲ್ಲಿಯೂ ಪಟ್ಟಾಭಿಷೇಕ ಆಗಿಹೋಗಿತ್ತು.

ನನ್ನನ್ನು ನೋಡಿ ಅವಳಿಗೆ ಸಂತೋಷವೇ ಆಯಿತು. "ನೋಡ ಶೋಭಾ, ನಿಮ್ಮ ಓಣಿ ಮಂದಿ ನಾ ತಿಳದಂಗ ಇಲ್ಲ. ಎಮ್ಮಿಗಂತ ಮುಸುರಿ ಬ್ಯಾರೆ ತೆಗದು, ಗೇಟಿಗೆ ಕಟ್ಟಿ ಇಡಾಕತ್ತಾರ."

ಸ್ವಾತಿ ಚೀಲ ಕೊಡಲು ಬಂದಾಗ ಅವ್ವ ಮಲಗಿದ್ದಳು, ಆಮೇಲೆ ನಾನೂ ಹೇಳಿರಲಿಲ್ಲ. ಈಗ ಸ್ವಾತಿಯ ವಿಷಯ ಹೇಳಿದೆ. ಅವ್ವನ ಮುಖ ಸಣ್ಣದಾಯಿತು. "ತೂಗಿ ನೋಡಾಕಂತ ಇಟ್ಟಿದ್ದರೇನು? ಯಾರಿಗೂ ಕೊಡಾಕಲ್ಲ?" ಎಂದಳು.

"ಅಲ್ಲವ್ವಾ. ಮತ್ತ ಆ ದಾಳಿಂಬ್ರಿ ಸಿಪ್ಪಿ?"

"ಒಗರ ಅದು, ಎಮ್ಮಿ ಮೂಸಿನೂ ನೋಡಲಿಲ್ಲ. ಹೊಟ್ಟಿಗಿ ಛಲೋ ಅಂತ ಮಾಳಗಿ ಮ್ಯಾಲೆ ಒಣಗಿಸೇನಿ. ಅಳಿಯಂದ್ರಿಗೆ ಕುದಿಸಿ ಕೊಟ್ಟೆ."

ಯಜಮಾನರಿಗೆ ಇದನ್ನು ನಾನು ಇಂದಿನವರೆಗೂ ಹೇಳಿಲ್ಲ. ನೀವೂ ಹೇಳಬೇಡಿ.

ಮನೆಗೆ ಬರುವಷ್ಟರಲ್ಲಿ ಕಮಲಕ್ಕ ಗೇಟಿನಲ್ಲೇ ನಿಂತಿದ್ದರು. ಅವ್ವನ ಕೈಯಲ್ಲಿ ಖಾಲಿ ಬಕೆಟ್ ನೋಡಿ ಎಲ್ಲ ತಿಳಿದುಕೊಂಡು, ಓಣಿಗೆಲ್ಲ ಕೇಳುವಂತೆ, "ಅಂದರ ನಮ್ಮ ಮನಿ ಕಸಾ ಕದ್ದಾಕಿ ನೀವ ಏನ್ರಿ ಆಯಿ!" ಎಂದುಬಿಟ್ಟರು. ಹೇಳಿದ ಮೇಲೆ ಅವರಿಗೇ ಹೆಚ್ಚಾಯಿತು ಅನಿಸಿರಬೇಕು, ತುಟಿ ಕಚ್ಚಿಕೊಂಡರು. ಅವ್ವ ಒಳಗೆ ಹೋಗಿ ಬಕೆಟ್ ತೊಳೆದು ಬೋರಲು ಹಾಕಿದಳು. ಮೊಳೆಯಿಂದ ಚೀಲ ಇಳಿಸಿದಳು.

"ಮಗಳ ಮನಿಗೆ ಬಂದು ಕಳ್ಳಿ ಅನಿಸಿಕೊಂಡೆ. ನಾಳೆ ಹೋಗತೇನಿ."

ಅಮಾವಾಸ್ಯೆಯ ಮಾತೇ ಎತ್ತಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ನೆಪ ಹೇಳುವವರೆಗೆ ಅವ್ವ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಇದು ನೆಪವಿಲ್ಲದ ಮಾತು. ಇಡೀ ದಿನ ಶಾಲೆಯಲ್ಲಿ ಸಂಧಿ ಪಾಠ ಮಾಡಿದೆ, ಕೂಡಿಸಿದ್ದೆಲ್ಲ ಬಿಟ್ಟುಬಿಟ್ಟು ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಅವ್ವ ಚೀಲ ಪಕ್ಕಕ್ಕಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಾಗ ಯಲ್ಲವ್ವ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಕ್ಯಾನು. "ಆಯೀ, ನಸುಕಿನ್ಯಾಗ ಈಯಿತ್ರಿ! ಹೆಣ್ಣಗರು. ಗಿಣ್ಣದ ಹಾಲು ತಂದೇನ್ರಿ. ಓಣಿಯವರ ಮುಸುರಿ ತಿಂದೈತಿ, ಓಣಿಗೆಲ್ಲ ಕೊಡಬೇಕಲ್ರಿ."

ಈದ ಎಮ್ಮೆಯ ಮೊದಲ ಹಾಲು ಮಾರುವುದಲ್ಲ, ಹಂಚುವುದು. ಅದನ್ನು ಬೆಲ್ಲ ಏಲಕ್ಕಿ ಹಾಕಿ, ಒಡೆಯದಂತೆ ಹದವಾಗಿ ಬೇಯಿಸುವುದು ನಮ್ಮ ಓಣಿಯಲ್ಲಿ ಯಾರಿಗೂ ಬರುವುದಿಲ್ಲ. ಅವ್ವ ಕ್ಯಾನಿನ ಮುಚ್ಚಳ ತೆರೆದು ನೋಡಿದಳು, ಚೀಲ ನೋಡಿದಳು. "ಬಸ್ ಏನ್, ತಾಸಿಗೊಂದು ಐತಿ" ಎಂದು ಎದ್ದು ಒಳಗೆ ಹೋದಳು.

ಗಿಣ್ಣದ ವಾಸನೆಗೆ ಗೇಟು ಮುಚ್ಚಿ ಫಲವಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರೇ ಬಟ್ಟಲು ಹಿಡಿದು ಬಂದರು. ಎಲ್ಲರೂ ಬಂದ ಮೇಲೆ ಕಮಲಕ್ಕ ಬಂದು ಹೊಸ್ತಿಲ ಹೊರಗೇ ನಿಂತರು. ಯಲ್ಲವ್ವ, ಯಾರೂ ಕೇಳದಿದ್ದರೂ, "ಇವರ ಮನಿ ದಾಳಿಂಬ್ರಿ ಸಿಪ್ಪಿ ಎಮ್ಮಿ ಮೂಸಿಲ್ರಿ" ಎಂದಳು.

ಕಮಲಕ್ಕನ ಮುಖ ನೋಡಬೇಕಿತ್ತು. ಕಳುವಾದದ್ದಕ್ಕಿಂತ ಇದು ದೊಡ್ಡ ಅವಮಾನ. "ಯಾಕ್ರಿ ಮೂಸಿಲ್ಲ? ಅದು ಬರೇ ತೋರಸಾಕಂತ ತಂದಿದ್ದರಿ ಆಯಿ! ನಮ್ಮ ಮನ್ಯಾಗೂ ಹೀರಿಕಾಯಿ ಸಿಪ್ಪಿ ಇರತಾವ್ರಿ, ಹಳಸಿದ ರೊಟ್ಟಿನೂ ಇರತಾವ್ರಿ!" ಎಂದು ಎಲ್ಲರೆದುರು ಸಾರಿದರು. ಆಮೇಲೆ ದನಿ ಇಳಿಸಿ, "ನಾ ಅಂದದ್ದು ಮನಸಿನ್ಯಾಗ ಇಟಗೋಬ್ಯಾಡ್ರಿ. ನಾಳಿಂದ ನಮ್ಮ ಮನಿದೂ ಒಯ್ರಿ" ಎಂದರು. ಅವ್ವ ಅವರ ಬಟ್ಟಲಿಗೆ ಗಿಣ್ಣ ಹಾಕಿದಳು. ಉಳಿದವರಿಗಿಂತ ಒಂದು ತುಂಡು ಹೆಚ್ಚೇ ಇತ್ತು ಎಂದು ನನ್ನ ಅನುಮಾನ.

ಸ್ವಾತಿ ಮುಂದಿನ ವಾರ ಹೊಸದಾಗಿ ಶುರುಮಾಡಿದಳು. ಬೇಗ ಬಂದು ನಮ್ಮ ಗೇಟಿನಲ್ಲಿ ಸಿಪ್ಪೆ ತೂಗಿ ಅವ್ವನಿಗೆ ಒಪ್ಪಿಸುವಳು. ಹಸಿ ಕಸ ಹೋದದ್ದೆಲ್ಲಿಗೆ ಎಂಬಲ್ಲಿ 'ಎಮ್ಮೆ' ಎಂದು ಬರೆದಳಂತೆ. ಇದು ಹೊಸ ಯಂತ್ರದ ಹೆಸರೇ ಎಂದು ಅವಳ ಸರ್ ಕೇಳಿದರಂತೆ.

ಆದರೆ ನಾನು ಹೇಳಬೇಕೆಂದಿದ್ದು ಗಿಣ್ಣದ ಮರುದಿನದ ಬೆಳಗು. ಎದ್ದು ನೋಡಿದರೆ, ರಾತ್ರಿ ಮತ್ತೆ ಮೊಳೆಗೇರಿದ್ದ ಚೀಲ ಅಲ್ಲಿರಲಿಲ್ಲ. ಮುಖ ತೊಳೆಯದೆ ಸೀರೆ ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಓಡೋಣವೆಂದು ಕಪಾಟು ತೆಗೆದೆ. ನನ್ನ ಇಸ್ತ್ರಿ ಸೀರೆಗಳನ್ನೆಲ್ಲ ಒಂದು ಬದಿಗೆ ಒತ್ತರಿಸಿ, ಅಲ್ಲಿ ಅವ್ವನ ಸೀರೆಗಳು ಕೂತಿದ್ದವು. ಹಾಗೇ ನಿಂತು ಅತ್ತೆ. ಕಾರಣವಿಲ್ಲದೆ ಅಳುವ ವಯಸ್ಸೂ ನನ್ನದಲ್ಲ.

ಹೊರಗೆ ಗೇಟಿನಲ್ಲಿ ಅವ್ವ. ಬಕೆಟ್ಟಿನಲ್ಲಿ ಹಿಡಿಯದ ಸಿಪ್ಪೆಯನ್ನು ಆ ಖಾನಾಪುರದ ಚೀಲಕ್ಕೆ ತುಂಬುತ್ತಿದ್ದಳು. ಗಾಡಿ ಬಂತು.

"ಆಯಿ, ಓಲಾ ಐತೇನು?" ಎಂದ ಪರಶುರಾಮ.

"ಓಲಾ ಇಲ್ಲಪಾ. ಅದೆಲ್ಲಾ ಚಂದ್ರಿ ಪಾಲು."

"ಸುಕಾ?"

ಅವ್ವ ಬಗ್ಗಿದವಳು ಎದ್ದು ಸೊಂಟ ನೆಟ್ಟಗೆ ಮಾಡಿದಳು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳೋ ಇಲ್ಲವೋ.

"ಸುಖಾ ಐತಿ. ನಿಂದ್ರು, ತರ್ತೇನಿ" ಎಂದವಳೇ ಒಳಗೆ ಹೋಗಿ, ಅವನಿಗೆಂದು ಎತ್ತಿಟ್ಟಿದ್ದ ಒಂದು ಬಟ್ಟಲು ಗಿಣ್ಣ ತಂದು ಕೊಟ್ಟಳು.